ಹಳೆಯ ಪೇಟಿ ಕೊಳ್ಳುವವರಿಗೆ: ಪ್ಯಾರಿಸ್ ರೀಡೋ, ಕಾಲು ಪೇಟಿಯೋ, ಭಜನೆ ಪೇಟಿಯೋ, ಹೊಸದೋ?

ಧಾರವಾಡದಲ್ಲಿ ಹಾರ್ಮೋನಿಯಂ ನುಡಿಸುವ ಯಾರನ್ನೇ ಕೇಳಿ, ಇಂಥದೊಂದು ಫೋನ್ ಅವರಿಗೆ ಬಂದೇ ಬಂದಿರುತ್ತದೆ: "ಸರ, ಒಂದು ಹಳೇ ಪೇಟಿ ಸಿಕ್ಕೈತ್ರಿ. ಪ್ಯಾರಿಸ್ ರೀಡ್ ಅಂತಾರ. ತಗೋಬೇಕೋ ಬ್ಯಾಡೋ?" ನನಗೂ ಬರುತ್ತವೆ. ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಅದನ್ನು ನೋಡದೆ, ಕೇಳದೆ ಫೋನಿನಲ್ಲಿ ಏನು ಹೇಳೋದು? ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳೆಯ ಪೇಟಿಗೆ ಕೊಡುವ ದುಡ್ಡು ರೀಡಿಗೆ, ಅಂದರೆ ಗಾಳಿ ಹಾಯ್ದಾಗ ಅದುರಿ ಸ್ವರ ಹೊರಡಿಸುವ ಒಳಗಿನ ಹಿತ್ತಾಳೆ ನಾಲಗೆಗೆ, ಕೊಡುವ ದುಡ್ಡು. ಮರ, ಪಾಲಿಶ್, ಹಿತ್ತಾಳೆ ಹಿಡಿಕೆ, ಮುಂದೆ ಹೊಡೆದಿರುವ ಕಂಪನಿಯ ಬಿಲ್ಲೆ ಎಲ್ಲ ಆಮೇಲಿನ ಮಾತು. ತಿದಿ ಹರಿದಿದ್ದರೆ ಹೊಸದು ಹಾಕಿಸಬಹುದು. ಸ್ಪ್ರಿಂಗ್ ಬದಲಿಸಬಹುದು. ಕಿತ್ತುಹೋದ ಪಟ್ಟಿ, ಅಂದರೆ ಬೆರಳಿಂದ ಒತ್ತುವ ಕೀ, ಅಂಟಿಸಬಹುದು. ರೀಡು ಸವೆದಿದ್ದರೆ ಮಾತ್ರ ಅದನ್ನು ಹಳೆಯದು ಅಂತ ಜಾಸ್ತಿ ದುಡ್ಡು ಕೊಟ್ಟು ಕೊಳ್ಳಲು ಕಾರಣವೇ ಉಳಿಯುವುದಿಲ್ಲ. ಇನ್ನೊಂದು ಸಂಗತಿ: ಬೆಳಗ್ಗೆ ಹೋಗಿ ಸಂಜೆಗೆ ವಾಪಸ್ ಬರುವಷ್ಟು ದೂರದಲ್ಲಿ ರಿಪೇರಿ ಮಾಡುವವರು ಇಲ್ಲದಿದ್ದರೆ, ಎಂಥ ಒಳ್ಳೆಯ ಪೇಟಿಯಾದರೂ ಒಂದೆರಡು ಮಳೆಗಾಲದಲ್ಲಿ ಮೂಲೆ ಸೇರುತ್ತದೆ.

ಈ ಎರಡನ್ನು ಇಟ್ಟುಕೊಂಡೇ ಮುಂದಿನ ಹೋಲಿಕೆ.

ಇವು ನಮ್ಮ ಕಡೆ ಬಂದದ್ದು ಹೇಗೆ

ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1840ರ ದಶಕದಲ್ಲಿ. ಅಲೆಕ್ಸಾಂಡರ್ ದೆಬೇನ್ ಅನ್ನುವವರು ಆ ಹೆಸರಿನಲ್ಲಿ ಪೇಟೆಂಟ್ ಪಡೆದರು. ಅದು ಕುರ್ಚಿಯ ಮೇಲೆ ಕೂತು ಎರಡೂ ಕಾಲಲ್ಲಿ ಗಾಳಿ ಹಾಕುವ ವಾದ್ಯ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ನಮಗೆ ಅದು ಒಗ್ಗುವಂಥದ್ದಲ್ಲ. ಕೋಲ್ಕತಾದ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ಕೈಯಿಂದ ಗಾಳಿ ಹಾಕುವ ಸಣ್ಣ ಪೇಟಿ ಮಾಡಿದರು. ಆಮೇಲೆ ಅದು ದೇಶವೆಲ್ಲ ಹರಡಿತು. ಪೆಟ್ಟಿಗೆ ಇಲ್ಲೇ ತಯಾರಾದರೂ ರೀಡು ಮಾತ್ರ ಬಹಳ ಕಾಲ ಫ್ರಾನ್ಸ್, ಜರ್ಮನಿಯಿಂದ ಬರುತ್ತಿತ್ತು. ಆ ಆಮದು ಕ್ರಮೇಣ ನಿಂತಿತು. ಈಗ ಹೊಸ ಪೇಟಿಗಳ ರೀಡು ಹೆಚ್ಚಾಗಿ ಗುಜರಾತಿನ ಪಾಲಿತಾಣದ್ದು. "ಪ್ಯಾರಿಸ್ ರೀಡ್", "ಜರ್ಮನ್ ರೀಡ್" ಅನ್ನುವ ಮಾತಿಗೆ ಇಷ್ಟು ತೂಕ ಬಂದಿರುವುದು ಅದಕ್ಕೇ.

ನಮ್ಮ ಭಾಗದಲ್ಲಿ ಪೇಟಿ ಬೆಳೆದದ್ದು ಮೂರು ಕಡೆ. ಒಂದು, ನಾಟಕ ಕಂಪನಿ. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಿಂದ ಹಿಡಿದು ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದವರೆಗೆ, ಪೇಟಿ ಮಾಸ್ತರರಿಲ್ಲದೆ ಪರದೆ ಏಳುತ್ತಿರಲಿಲ್ಲ. ಎರಡು, ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಲಿಸಿ ಕಳಿಸಿದವರು ಹಳ್ಳಿ ಹಳ್ಳಿಗೂ ಪೇಟಿ ಒಯ್ದರು. ಮೂರು, ಭಜನೆ. ಶ್ರಾವಣ ಬಂತೆಂದರೆ ಹಾವೇರಿ ಜಿಲ್ಲೆಯ ಯಾವ ಗುಡಿಯಲ್ಲಿ ಪೇಟಿ ಸದ್ದು ಕೇಳುವುದಿಲ್ಲ ಹೇಳಿ?

ರೇಡಿಯೋ ಮಾತ್ರ ಇದನ್ನು ದೂರ ಇಟ್ಟಿತ್ತು. ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ನಿಷೇಧ. ಧಾರವಾಡ ಕೇಂದ್ರ 1950ರಲ್ಲಿ ಶುರುವಾದಾಗ ಒಳಗೆ ಸಾರಂಗಿ, ಹೊರಗೆ ಊರೆಲ್ಲ ಪೇಟಿ. ಈಗ ಮಾರಾಟಕ್ಕೆ ಬರುವ ಒಳ್ಳೆಯ ಹಳೆಯ ಪೇಟಿಗಳು ಹೆಚ್ಚಾಗಿ ಮನೆ, ಮಠ, ಕಂಪನಿಗಳಲ್ಲಿ ಇದ್ದವು.

ಪ್ಯಾರಿಸ್ ರೀಡಿನ ಕೈಪೇಟಿ

ಎಲ್ಲರ ಕಣ್ಣು ಇದರ ಮೇಲೆ. ಒಳ್ಳೆಯದು ಸಿಕ್ಕರೆ ಇದಕ್ಕೆ ಸಾಟಿ ಇಲ್ಲ ಅನ್ನುವುದು ನಿಜ. ತಿದಿಯನ್ನು ಮೆಲ್ಲಗೆ ಒತ್ತಿದರೂ ಸ್ವರ ಮಾತಾಡುತ್ತದೆ. ಹೊಸ ಪೇಟಿಗಳಲ್ಲಿ ಕೆಲವು ಸ್ವರ ಎಬ್ಬಿಸಲು ಸ್ವಲ್ಪ ಜೋರಾಗಿ ಗಾಳಿ ಕೊಡಬೇಕಾಗುತ್ತದೆ. ಗಾಯಕರ ದನಿ ಸಣ್ಣಗಾದಾಗ ಪೇಟಿಯೂ ಸಣ್ಣಗಾಗಬೇಕು ಅಲ್ವಾ? ಅಲ್ಲಿ ಹಳೆಯ ರೀಡು ಗೆಲ್ಲುತ್ತದೆ. ವಿಲಂಬಿತದಲ್ಲಿ ಒಂದೇ ಸ್ವರ ಹಿಡಿದು ನಿಂತಾಗ ಅದರ ದನಿ ಚುಚ್ಚುವುದಿಲ್ಲ, ದುಂಡಗೆ ಇರುತ್ತದೆ.

ತೊಂದರೆ ಇರುವುದು "ಪ್ಯಾರಿಸ್" ಅನ್ನುವ ಹೆಸರಿನಲ್ಲಿ. ಮಾರುವವರಿಗೆ ಹಳೆಯದೆಲ್ಲ ಪ್ಯಾರಿಸ್ಸೇ. ಮುಂದಿನ ಹಲಗೆಯ ಮೇಲೆ ಹಾಗೆ ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ಪಟ್ಟಿಗಳ ಮೇಲಿನ ಮುಚ್ಚಳ ತೆಗೆಸಿ, ರೀಡುಗಳನ್ನು ಕೂರಿಸಿರುವ ಹಲಗೆಯನ್ನು, ಅಂದರೆ ರೀಡ್ ಬೋರ್ಡನ್ನು, ಹೊರಗೆ ತೆಗೆಸಿ. ಹಿತ್ತಾಳೆಯ ರೀಡಿನ ಮೇಲೆಯೇ ಸಣ್ಣ ಅಚ್ಚು ಇದೆಯಾ ನೋಡಿ. ಕಸ್ರಿಯಲ್, ಎಸ್ತೇವ್, ಜರ್ಮನಿಯದಾದರೆ ಜುಬಿಲೇಟ್ — ಹೀಗೆ ಕೆಲವು ಹೆಸರು ಪೇಟಿ ಮಂದಿಯ ಬಾಯಲ್ಲಿ ಸದಾ ಇರುತ್ತವೆ. ಎಲ್ಲ ರೀಡೂ ಒಂದೇ ಬಣ್ಣ, ಒಂದೇ ಕೆಲಸ ಇದ್ದರೆ ಒಂದೇ ಸೆಟ್ ಅಂತ ನಂಬಬಹುದು. ನಡುನಡುವೆ ಹೊಳೆಯುವ ಹೊಸ ರೀಡು ಕಂಡರೆ ಎಷ್ಟು ಅಂತ ಎಣಿಸಿ. ಎರಡು ಮೂರು ಇದ್ದರೆ ಪರವಾಗಿಲ್ಲ, ಬೆಲೆ ಇಳಿಸಲು ಕೇಳಿ. ಕಾಲುಭಾಗ ಬದಲಾಗಿದ್ದರೆ ಅದನ್ನು ಪ್ಯಾರಿಸ್ ಪೇಟಿ ಅನ್ನುವುದೇ ಬೇಡ.

"ಒಳಗ ಬಿಚ್ಚಿ ತೋರ್ಸಂಗಿಲ್ರಿ, ಹಾಳಾಗ್ತೈತಿ" ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ರೀಡ್ ಬೋರ್ಡ್ ತೆಗೆಯುವುದು ನಾಲ್ಕು ಸ್ಕ್ರೂ ಅಥವಾ ಕೊಕ್ಕೆಯ ಕೆಲಸ. ಗೊತ್ತಿದ್ದವರು ತೆಗೆದರೆ ಏನೂ ಹಾಳಾಗುವುದಿಲ್ಲ.

ಇನ್ನು ಆನೆದಂತದ ಪಟ್ಟಿ ಅಂತ ಬೆಲೆ ಏರಿಸುವವರಿದ್ದಾರೆ. ಹೆಚ್ಚಿನವು ಸೆಲ್ಯುಲಾಯ್ಡ್ ಅಥವಾ ಮೂಳೆ. ಒಂದು ವೇಳೆ ನಿಜವಾದ ದಂತವೇ ಆಗಿದ್ದರೆ ಅದರ ಮಾರಾಟಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಹೇಗೆ ನೋಡಿದರೂ ಆ ಮಾತಿಗೆ ಒಂದು ರೂಪಾಯಿಯೂ ಜಾಸ್ತಿ ಕೊಡಬಾರದು. ಪರೀಕ್ಷೆ ಮಾಡಲು ಬೆಂಕಿಕಡ್ಡಿ ಮಾತ್ರ ಹತ್ತಿರ ತರಬೇಡಿ. ಸೆಲ್ಯುಲಾಯ್ಡ್ ಭಗ್ ಅಂತ ಹತ್ತಿಕೊಳ್ಳುತ್ತದೆ.

ಕಾಲು ಪೇಟಿ

ನಾಟಕ ಕಂಪನಿಯ ವಾದ್ಯ ಇದು. ಮಡಚುವ ಕಾಲುಗಳ ಮೇಲೆ ಪೆಟ್ಟಿಗೆ, ಕೆಳಗೆ ಪೆಡಲ್. ಕಾಲಿನಿಂದ ಗಾಳಿ ಹಾಕುವುದರಿಂದ ಎರಡೂ ಕೈ ನುಡಿಸಲು ಬಿಡುವಾಗಿರುತ್ತವೆ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಬೇಕಿತ್ತು, ಹಾಗಾಗಿ ದನಿಯೂ ದೊಡ್ಡದು. ಕಂಪನಿಗಳು ಮುಚ್ಚಿದಂತೆ ಇವು ಮಾಲೀಕರ ಮನೆ, ಕಲಾವಿದರ ಮನೆ ಅಟ್ಟ ಸೇರಿದವು. ಗದಗ, ಹುಬ್ಬಳ್ಳಿ ಸುತ್ತ ಆಗಾಗ ಒಂದು ಹೊರಬರುತ್ತದೆ.

ಬೆಲೆಗೆ ಲೆಕ್ಕವಿಲ್ಲ. ಜಾಗ ಖಾಲಿಯಾದರೆ ಸಾಕು ಅನ್ನುವವರು ಕೈಪೇಟಿಯ ಬೆಲೆಗಿಂತ ಕಡಿಮೆಗೆ ಕೊಡುತ್ತಾರೆ. "ನಮ್ಮಜ್ಜಾರು ನುಡಿಸಿದ್ದು" ಅನ್ನುವ ಮನೆಯವರು ಕೊಡುವುದೇ ಇಲ್ಲ, ಕೊಟ್ಟರೆ ಬಾಯಿಗೆ ಬಂದ ಬೆಲೆ. ಎರಡೂ ಅವರವರ ಮಟ್ಟಿಗೆ ಸರಿಯೇ.

ಕೊಳ್ಳುವವರು ನೆನಪಿಡಬೇಕಾದ್ದು ಅದರ ಖರ್ಚು. ಕೈಪೇಟಿಗಿಂತ ದೊಡ್ಡ ತಿದಿ, ಜಾಸ್ತಿ ಚರ್ಮ, ಪೆಡಲಿನ ಪಟ್ಟಾ, ಕೀಲುಗಳು. ಅಟ್ಟದ ಮೇಲೆ ಹತ್ತಾರು ವರ್ಷ ಇದ್ದದ್ದಾದರೆ ಇಲಿ ತಿದಿಯನ್ನು ತಿಂದಿರುವುದು ಹೆಚ್ಚುಕಡಿಮೆ ಖಾತ್ರಿ. ಈ ಕೆಲಸ ಬಲ್ಲವರು ಕೈಪೇಟಿ ರಿಪೇರಿ ಮಾಡುವವರಲ್ಲೂ ಕಡಿಮೆ. ಸಾಗಿಸಲು ಟಂಟಂ ಬೇಕು. ಕುರ್ಚಿಯ ಮೇಲೆ ಕೂತು ನುಡಿಸಬೇಕಾದ್ದರಿಂದ ನೆಲದ ಮೇಲೆ ಕೂರುವ ಗಾಯಕರ ಜೊತೆ ಬೈಠಕ್ಕಿಗೆ ಹೊಂದುವುದಿಲ್ಲ.

ಹಾಗಾದರೆ ಯಾರಿಗೆ? ರಂಗಗೀತೆ ಹಾಡಿಸುವವರಿಗೆ, ನಾಟಕ ಆಡಿಸುವ ತಂಡಗಳಿಗೆ, ಮಂಡಿ ನೋವಿನಿಂದ ಕೆಳಗೆ ಕೂರಲಾಗದವರಿಗೆ. ಕೊನೆಯದನ್ನು ತಮಾಷೆಗೆ ಹೇಳುತ್ತಿಲ್ಲ. ವಯಸ್ಸಾದ ಮೇಲೂ ನುಡಿಸುವ ಆಸೆ ಇರುವವರಿಗೆ ಇದು ಒಳ್ಳೆಯ ದಾರಿ.

ಭಜನೆ ಪೇಟಿ, ಅಂದರೆ ಸಾಮಾನ್ಯ ಸೆಕೆಂಡ್ ಹ್ಯಾಂಡ್

ಇಪ್ಪತ್ತು ಮೂವತ್ತು ವರ್ಷ ಹಳೆಯದು, ದೇಶಿ ರೀಡು, ಗುಡಿಯಲ್ಲೋ ಶಾಲೆಯಲ್ಲೋ ಇದ್ದದ್ದು. ಇದರಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲ. ಆದರೆ ಕಲಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕಡಿಮೆಗೆ ಸಿಗುತ್ತದೆ, ಯಾರು ಬೇಕಾದರೂ ರಿಪೇರಿ ಮಾಡುತ್ತಾರೆ, ಮಗು ಕಲಿಯುವುದನ್ನು ಬಿಟ್ಟರೆ ಕೊಂಡ ಬೆಲೆಗೇ ಮಾರಿಹೋಗುತ್ತದೆ.

ಒಂದೇ ಭಯ. ಭಜನೆಯಲ್ಲಿ ಪೇಟಿಯನ್ನು ಜೋರಾಗಿ ಒತ್ತಿ ಒತ್ತಿ ನುಡಿಸಿರುತ್ತಾರೆ. ನಡುವಿನ ಸಪ್ತಕದ ರೀಡು ದಣಿದಿರುತ್ತವೆ, ಎರಡೂ ತುದಿಯವು ಹೊಸದರಂತೆ ಇರುತ್ತವೆ. ಹಾಗಾಗಿ ನಡುವೆಯೇ ಹೆಚ್ಚು ಹೊತ್ತು ನುಡಿಸಿ ನೋಡಿ.

ಹೊಸದು

ಹೊಸದರ ಬಗ್ಗೆ ಹೇಳುವುದು ಸ್ವಲ್ಪವೇ ಇದೆ. ಶ್ರುತಿ ಸರಿ ಇರುತ್ತದೆ, ಗಾಳಿ ಸೋರುವುದಿಲ್ಲ, ಅಂಗಡಿಯವರು ಒಂದಷ್ಟು ಕಾಲ ಜವಾಬ್ದಾರಿ ಹೊರುತ್ತಾರೆ. ದನಿ ಮೊದಮೊದಲು ಒರಟು. ನುಡಿಸುತ್ತಾ ಹೋದಂತೆ ಸ್ವಲ್ಪ ತಗ್ಗುತ್ತದೆ. ತೀರಾ ಅಗ್ಗದ್ದು ಬೇಡ. ಅವುಗಳ ಮರ ಹಸಿ ಇರುತ್ತದೆ, ಗದಗಿನ ಒಂದು ಬೇಸಿಗೆಗೆ ಬಿರುಕು ಬಿಡುತ್ತದೆ.

ಸ್ಕೇಲ್ ಚೇಂಜರ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಪಟ್ಟಿಗಳ ಸಾಲನ್ನೇ ಪಕ್ಕಕ್ಕೆ ಸರಿಸಿ, ಬೆರಳು ಬದಲಿಸದೆ ಷಡ್ಜ ಬದಲಿಸುವ ವ್ಯವಸ್ಥೆ ಅದು. ಕರಿ ಒಂದರಲ್ಲಿ, ಅಂದರೆ ಸಪ್ತಕದ ಮೊದಲ ಕರಿ ಪಟ್ಟಿಯನ್ನು ಷಡ್ಜ ಮಾಡಿಕೊಂಡು, ಹಾಡುವ ಗಂಡಸರಿಗೂ ಕರಿ ಐದರಲ್ಲಿ ಹಾಡುವ ಹೆಂಗಸರಿಗೂ ಒಂದೇ ದಿನ ಸಾಥ್ ಕೊಡುವವರಿಗೆ ಅನುಕೂಲ. ತೂಕ ಜಾಸ್ತಿ, ಬೆಲೆ ಜಾಸ್ತಿ, ಸರಿಯುವ ಭಾಗ ಜಾಸ್ತಿ. ಹೊಸದರಲ್ಲಿ ತಗೊಳ್ಳಿ, ಹಳೆಯದರಲ್ಲಿ ಬೇಡ. ಸವೆದ ಸ್ಕೇಲ್ ಚೇಂಜರಿನಲ್ಲಿ ಪಟ್ಟಿ ಒಂದು ಕಡೆ, ರೀಡು ಒಂದು ಕಡೆ ಆಗಿ, ಒಂದು ಒತ್ತಿದರೆ ಎರಡು ಸ್ವರ ಕೂಗುತ್ತವೆ. ಕಲಿಯುವ ಮಕ್ಕಳಿಗಂತೂ ಅದು ಇಲ್ಲದಿರುವುದೇ ಒಳ್ಳೆಯದು, ಎಲ್ಲ ಷಡ್ಜದಿಂದಲೂ ಬೆರಳು ಓಡಿಸುವುದು ರೂಢಿಯಾಗುತ್ತದೆ.

ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಹಾರ್ಮೋನಿಯಂ ದನಿ ಇದೆಯಲ್ಲ ಅಂತ ಕೆಲವರು. ಇದೆ. ಎಡಗೈಗೆ ಗಾಳಿಯ ಅಂದಾಜು ಕಲಿಸುವುದಿಲ್ಲ, ಅಷ್ಟೇ.

ಅಪರೂಪಕ್ಕೆ ಯಾರಾದರೂ ಹಳೆಯ ಗ್ರ್ಯಾಂಡ್ ಪಿಯಾನೊ ಅಗ್ಗಕ್ಕೆ ಸಿಗುತ್ತಿದೆ, ತರಲಾ ಅಂತ ಕೇಳುತ್ತಾರೆ. 200ಕ್ಕೂ ಹೆಚ್ಚು ತಂತಿ, ಅವುಗಳ ಒಟ್ಟು ಎಳೆತ ಹದಿನೆಂಟು ಇಪ್ಪತ್ತು ಟನ್ನಿನಷ್ಟು. ಮಳೆಗಾಲ ಬೇಸಿಗೆ ಬದಲಾದಂತೆ ಶ್ರುತಿ ಇಳಿಯುತ್ತದೆ, ಪ್ರತಿ ಸಲ ಟ್ಯೂನ್ ಮಾಡುವವರನ್ನು ದೂರದ ಊರಿಂದ ಕರೆಸಬೇಕು. ಕೊಳ್ಳುವ ಬೆಲೆ ಅಗ್ಗ, ಇಟ್ಟುಕೊಳ್ಳುವುದು ತುಟ್ಟಿ. ಮನೆಯಲ್ಲಿ ಪಾಶ್ಚಾತ್ಯ ಸಂಗೀತ ಗಂಭೀರವಾಗಿ ಕಲಿಯುವವರಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ನೋಡಲು ಹೋದಾಗ

ಹಗಲಲ್ಲಿ ಹೋಗಿ. ಜೊತೆಗೆ ಒಂದು ಟಾರ್ಚ್, ಒಂದೆರಡು ಊದುಬತ್ತಿ, ಫೋನಿನಲ್ಲಿ ಶ್ರುತಿ ತೋರಿಸುವ ಆಪ್. ಪೇಟಿ ಬಲ್ಲವರೊಬ್ಬರು ಜೊತೆಗಿದ್ದರೆ ಇನ್ನೂ ಚೆನ್ನ. ಮಾರುವವರು ನುಡಿಸಿ ತೋರಿಸಲು ಶುರು ಮಾಡಿದರೆ ಕೇಳಿ ಖುಷಿಪಡಿ, ಆದರೆ ಅದರಿಂದ ತೀರ್ಮಾನಕ್ಕೆ ಬರಬೇಡಿ. ಅವರಿಗೆ ಯಾವ ಪಟ್ಟಿ ತಪ್ಪಿಸಬೇಕು ಅಂತ ಗೊತ್ತಿರುತ್ತದೆ.

ಮೊದಲು ಗಾಳಿ. ರೀಡಿನ ಸಾಲುಗಳಿಗೆ ಗಾಳಿ ಬಿಡಲು ಎಳೆಯುವ ಗುಬ್ಬಿಗಳಿಗೆ ಸ್ಟಾಪರ್ ಅನ್ನುತ್ತಾರೆ. ಎಲ್ಲ ಸ್ಟಾಪರ್ ಒಳಗೆ ತಳ್ಳಿ ತಿದಿ ಒತ್ತಿ. ಒಳಗಿನ ತಿದಿ ತುಂಬಿದ ಮೇಲೆ ಕೈಗೆ ಗಟ್ಟಿ ತಡೆ ಸಿಗಬೇಕು. ಒತ್ತುತ್ತಲೇ ಇದ್ದರೂ ಒಳಗೆ ಹೋಗುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ. ಆಗ ಊದುಬತ್ತಿ ಹಚ್ಚಿ. ಒಬ್ಬರು ಗಾಳಿ ಹಾಕಲಿ. ಇನ್ನೊಬ್ಬರು ತಿದಿಯ ಮಡಿಕೆ, ಮೂಲೆ, ಪೆಟ್ಟಿಗೆಯ ಕೂಡುಗೆರೆಗಳ ಉದ್ದಕ್ಕೂ ಊದುಬತ್ತಿಯನ್ನು ನಿಧಾನಕ್ಕೆ ಸರಿಸಲಿ, ತಾಗಿಸದೆ. ನೇರ ಏಳುತ್ತಿದ್ದ ಹೊಗೆ ಸಟ್ಟನೆ ಪಕ್ಕಕ್ಕೆ ಹಾರಿದರೆ ಅಲ್ಲೇ ತೂತು. ತಿದಿಯ ಮೂಲೆಯಲ್ಲಿ ಸೋರಿದರೆ ಚಿಂತೆ ಇಲ್ಲ, ಚರ್ಮದ ತುಂಡು ಅಂಟಿಸಿದರೆ ಮುಗಿಯಿತು. ರೀಡ್ ಬೋರ್ಡಿನ ಮರವೇ ಸೀಳಿ ಅಲ್ಲಿಂದ ಬರುತ್ತಿದ್ದರೆ ದೊಡ್ಡ ಕೆಲಸ.

ಆಮೇಲೆ ಸ್ಟಾಪರ್ ಎಳೆದು, ಯಾವ ಪಟ್ಟಿಯನ್ನೂ ಮುಟ್ಟದೆ ಗಾಳಿ ಹಾಕಿ. ಏನೂ ಕೇಳಬಾರದು. ಒಂದು ಸ್ವರ ತಾನಾಗಿಯೇ ಕೂಗಿದರೆ ಆ ಪಟ್ಟಿಯ ಕೆಳಗಿನ ಚರ್ಮ ಒಣಗಿದೆ, ಸ್ಪ್ರಿಂಗ್ ಸೋತಿದೆ ಅಥವಾ ಕಸ ಸಿಕ್ಕಿದೆ. ಮೂರೂ ಸಣ್ಣ ರಿಪೇರಿ. ಮಾರುವವರ ಮುಂದೆ ಮಾತ್ರ ಮುಖ ಸ್ವಲ್ಪ ಗಂಟಿಕ್ಕಿಕೊಳ್ಳಿ.

ಈಗ ಒಂದೊಂದೇ ಸಾಲಿನ ರೀಡು. ಎರಡು ಸಾಲಿನ ಪೇಟಿಯಾದರೆ ಸಾಮಾನ್ಯವಾಗಿ ಒಂದು ಖರ್ಜದ್ದು, ಅಂದರೆ ತಗ್ಗಿನ ದನಿಯದು, ಇನ್ನೊಂದು ನಡುವಿನ ದನಿಯದು. ಒಂದರ ಸ್ಟಾಪರ್ ಮಾತ್ರ ತೆಗೆದು ಮೊದಲ ಪಟ್ಟಿಯಿಂದ ಕೊನೆಯ ಪಟ್ಟಿವರೆಗೆ ಹೋಗಿ. 39 ಪಟ್ಟಿಯೋ 42 ಪಟ್ಟಿಯೋ ಇರುತ್ತವೆ, ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ. ಪ್ರತಿ ಸ್ವರವನ್ನೂ ಆದಷ್ಟು ಕಡಿಮೆ ಗಾಳಿಯಲ್ಲಿ ಎಬ್ಬಿಸಿ. ಯಾವುದು ತಡವಾಗಿ ಏಳುತ್ತದೆ, ಯಾವುದು ಕರಕರ ಅನ್ನುತ್ತದೆ, ಯಾವುದು ಏಳುವುದೇ ಇಲ್ಲ ಅಂತ ಬರೆದುಕೊಳ್ಳಿ. ಖರ್ಜದ ಕೆಳಗಿನ ಸ್ವರಗಳು ಸ್ವಲ್ಪ ನಿಧಾನ, ಅದು ಸಹಜ. ಆಮೇಲೆ ಇನ್ನೊಂದು ಸಾಲು. ಎರಡನ್ನೂ ಸೇರಿಸಿ ನುಡಿಸುವುದು ಕೊನೆಗೆ. ಮೊದಲೇ ಸೇರಿಸಿದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಿಬಿಡುತ್ತದೆ.

ರೀಡು ಸವೆದಿದೆಯಾ ಅಂತ ತಿಳಿಯುವುದು ಹೇಗೆ? ಇದಕ್ಕೆ ಶ್ರುತಿ ಮಾಡುವ ಕೆಲಸ ಒಮ್ಮೆ ನೋಡಬೇಕು. ರಿಪೇರಿ ಮಾಡುವವರು ರೀಡ್ ಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಿತ್ತಾಳೆಯ ನಾಲಗೆಯ ಕೆಳಗೆ ತೆಳ್ಳಗಿನ ಲೋಹದ ಪಟ್ಟಿ ತೂರಿಸುತ್ತಾರೆ. ನಾಲಗೆ ಅದರ ಮೇಲೆ ಒರಗುತ್ತದೆ. ಸ್ವರ ಇಳಿದಿದ್ದರೆ ತುದಿಯ ಹತ್ತಿರ ಎರಡು ಸಲ ಕೆರೆಯುತ್ತಾರೆ, ಏರುತ್ತದೆ. ಏರಿದ್ದರೆ ಬುಡದ ಹತ್ತಿರ ಕೆರೆಯುತ್ತಾರೆ, ಇಳಿಯುತ್ತದೆ. ಬೋರ್ಡ್ ಮತ್ತೆ ಕೂರಿಸಿ, ನುಡಿಸಿ, ಕಿವಿಗೊಟ್ಟು, ಮತ್ತೆ ತೆಗೆದು, ಇನ್ನೊಂದು ಸಲ ಕೆರೆದು. ಹೇಗೆ ನೋಡಿದರೂ ಲೋಹ ಕಡಿಮೆಯಾಗುತ್ತದೆ, ಮತ್ತೆ ಸೇರುವುದಿಲ್ಲ. ಎಪ್ಪತ್ತು ಎಂಬತ್ತು ವರ್ಷದ ರೀಡು ಎಷ್ಟು ಜನರ ಕೈಯಲ್ಲಿ ಕೆರೆಸಿಕೊಂಡಿರಬೇಕು! ಟಾರ್ಚ್ ಹಿಡಿದು ನಾಲಗೆಗಳನ್ನು ನೋಡಿ. ಸಣ್ಣ ಗೆರೆಗಳು ಎಲ್ಲದರಲ್ಲೂ ಇರುತ್ತವೆ. ಬುಡದಲ್ಲಿ ಅಡ್ಡಡ್ಡ ಆಳವಾದ ಗೀರು, ಹಳ್ಳ ಬಿದ್ದಂತೆ ಕಂಡರೆ ಆ ರೀಡು ಇನ್ನು ಹೆಚ್ಚು ದಿನ ತಡೆಯುವುದಿಲ್ಲ. ಮುಂದೊಂದು ದಿನ ಕಛೇರಿಯ ನಡುವೆ ಟಿಣ್ ಅಂತ ಮುರಿಯುತ್ತದೆ.

ಇನ್ನು ಶ್ರುತಿ. ಇದನ್ನು ಬಹಳ ಜನ ಪರೀಕ್ಷೆ ಮಾಡುವುದೇ ಇಲ್ಲ. ಬಿಳಿ ಆರು, ಅಂದರೆ ಸಪ್ತಕದ ಆರನೇ ಬಿಳಿ ಪಟ್ಟಿ, ಒತ್ತಿ ಆಪ್ ನೋಡಿ. ಈಗಿನ ಲೆಕ್ಕದಲ್ಲಿ 440 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ, ಬರಬೇಕು. ಫ್ರಾನ್ಸ್ 1859ರಲ್ಲಿ ಗೊತ್ತುಮಾಡಿದ್ದು 435. ಹಾಗಾಗಿ ಹಳೆಯ ಪೇಟಿ 435ರ ಆಸುಪಾಸು ಇದ್ದರೆ ಅದು ಹಾಳಾಗಿದೆ ಅಂತಲ್ಲ, ಹುಟ್ಟಿದ್ದೇ ಹಾಗಿರಬಹುದು. ಎರಡರ ನಡುವಿನ ಅಂತರ ಅರ್ಧ ಸ್ವರದ ಐದನೇ ಒಂದು ಭಾಗದಷ್ಟು. ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ತಬಲಾ ಇಳಿಸಿಕೊಳ್ಳಬಹುದು, ಎಲೆಕ್ಟ್ರಾನಿಕ್ ತಂಬೂರಿಯನ್ನೂ ಇಳಿಸಬಹುದು. ಕೊಳಲು ಇಳಿಯುವುದಿಲ್ಲ. ನೀವು ಗಾಯಕರ ಜೊತೆ ಮಾತ್ರ ನುಡಿಸುವುದಾದರೆ ಹಾಗೇ ಬಿಡಿ. ಎಲ್ಲ ರೀಡನ್ನೂ 440ಕ್ಕೆ ಏರಿಸುವುದು ಅಂದರೆ ಎಲ್ಲ ನಾಲಗೆಯ ತುದಿಯನ್ನೂ ಕೆರೆಯುವುದು. ಹಳೆಯ ರೀಡಿಗೆ ಅಷ್ಟು ಹಣ ಕೊಟ್ಟು ಅದನ್ನೇ ತೆಳ್ಳಗೆ ಮಾಡಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಕೆಲವು ಪೇಟಿಗಳನ್ನು ಒಬ್ಬರೇ ಗಾಯಕರಿಗೆ ಅಂತ ಶ್ರುತಿ ಮಾಡಿಸಿರುತ್ತಾರೆ. ಗಾಂಧಾರ, ಧೈವತಗಳನ್ನು ಆ ಒಂದು ಷಡ್ಜಕ್ಕೆ ಹೊಂದುವಂತೆ ಇಳಿಸಿರುತ್ತಾರೆ. ಆ ಷಡ್ಜದಲ್ಲಿ ಜೇನು, ಬೇರೆ ಷಡ್ಜದಲ್ಲಿ ಬೇವು. ಹಾಗಾಗಿ ಬಿಳಿ ಒಂದು, ಕರಿ ಒಂದು, ಬಿಳಿ ನಾಲ್ಕು, ಕರಿ ನಾಲ್ಕು, ಹೀಗೆ ಬೇರೆ ಬೇರೆ ಕಡೆಯಿಂದ ಸ-ಗ-ಪ ಹಿಡಿದು ನೋಡಿ. ಒಂದು ಕಡೆ ತುಂಬಾ ಸಿಹಿ, ಉಳಿದ ಕಡೆ ಒರಟು ಅನಿಸಿದರೆ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಕೊನೆಗೆ ಹುಳ. ಪಟ್ಟಿಗಳ ಕೆಳಗಿನ ಬಟ್ಟೆಯಲ್ಲಿ ನುಸಿ, ತಳದ ಹಲಗೆಯಲ್ಲಿ ಗೆದ್ದಲು. ಪೇಟಿಯನ್ನು ಮಗ್ಗುಲು ಮಲಗಿಸಿ ತಳವನ್ನು ಉಗುರಿನಿಂದ ಒತ್ತಿ. ಮೆತ್ತಗೆ ಒಳಗೆ ಹೋದರೆ ಬೇಡ.

ಪಾಲಿಶ್ ಹೊಳೆಯುತ್ತಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ದೊಡ್ಡ ಊರಿನ ಅಂಗಡಿಯೊಂದು ನಮ್ಮ ಪರಿಚಯದವರಿಗೆ ಪುರಾತನ ಪೇಟಿ ಅಂತ ಮಾರಿದ್ದು, ಮನೆಗೆ ತಂದು ಬಿಚ್ಚಿದರೆ ಪೆಟ್ಟಿಗೆ ಮಾತ್ರ ಹಳೆಯದು, ಒಳಗಿನ ರೀಡೆಲ್ಲ ಹೊಸದು. ಕೆಟ್ಟ ಪೇಟಿ ಏನಲ್ಲ. ಆದರೆ ಹೊಸದರ ಎರಡರಷ್ಟು ದುಡ್ಡು ಹೋಗಿತ್ತು. ಧೂಳು ಹಿಡಿದು, ಬಣ್ಣ ಮಾಸಿ, ಯಾರೂ ಕೈ ಹಾಕದ ಪೇಟಿಯನ್ನೇ ನಾನು ಜಾಸ್ತಿ ನಂಬುತ್ತೇನೆ.

ದುಡ್ಡಿನ ಲೆಕ್ಕ

ನಮ್ಮ ಕಡೆ ನಾನು ಕೇಳಿರುವ ಬೆಲೆಗಳನ್ನು ಅಂದಾಜಿಗೆ ಹೇಳುತ್ತೇನೆ. ಊರಿಂದ ಊರಿಗೆ, ಮಾರುವವರಿಂದ ಮಾರುವವರಿಗೆ ಬದಲಾಗುತ್ತವೆ. ಭಜನೆ ಪೇಟಿ ಐದರಿಂದ ಹತ್ತು ಸಾವಿರದೊಳಗೆ. ಎರಡು ಸಾಲಿನ ಒಳ್ಳೆಯ ಹೊಸ ಪೇಟಿ ಹದಿನೈದರಿಂದ ಇಪ್ಪತ್ತೈದು ಸಾವಿರ, ಸ್ಕೇಲ್ ಚೇಂಜರ್ ಆದರೆ ಮೂವತ್ತರಿಂದ ಮೇಲಕ್ಕೆ. ಪ್ಯಾರಿಸ್ ರೀಡಿನದಕ್ಕೆ ನಲವತ್ತು ಸಾವಿರದಿಂದ ಶುರು ಮಾಡಿ ಲಕ್ಷ ದಾಟಿಸಿ ಕೇಳುತ್ತಾರೆ.

ಹಳೆಯದಕ್ಕೆ ಇದರ ಮೇಲೆ ರಿಪೇರಿ ಸೇರಿಸಲೇಬೇಕು. ತಿದಿ, ಚರ್ಮ, ಬಟ್ಟೆ, ಸ್ಪ್ರಿಂಗ್, ಪೂರ್ತಿ ಶ್ರುತಿ. ಚೌಕಾಸಿಗೆ ಕೂರುವ ಮುಂಚೆ ರಿಪೇರಿ ಮಾಡುವವರಿಗೆ ಫೋನ್ ಮಾಡಿ, ಬರೆದುಕೊಂಡ ದೋಷಗಳನ್ನು ಓದಿ ಹೇಳಿ, ಅವರ ಅಂದಾಜು ಕೇಳಿ. ಆ ಮೊತ್ತವನ್ನು ನೀವು ಕೊಡಲು ಒಪ್ಪಿದ ಬೆಲೆಯಿಂದ ಕಳೆದು ಮಾತು ಶುರು ಮಾಡಿ. ಹುಬ್ಬಳ್ಳಿ-ಧಾರವಾಡದಲ್ಲಿ ರಿಪೇರಿ ಮಾಡುವವರು ಸಿಗುತ್ತಾರೆ. ದೊಡ್ಡ ಕೆಲಸಕ್ಕೆ ನಮ್ಮವರು ಮಿರಜಕ್ಕೂ ಹೋಗುತ್ತಾರೆ. ತಂಬೂರಿ, ಸಿತಾರಿಗೆ ಹೆಸರಾದ ಊರದು, ಹುಬ್ಬಳ್ಳಿಯಿಂದ ನೇರ ರೈಲೂ ಇದೆ. ಹಾವೇರಿಯವರಿಗೆ ಹುಬ್ಬಳ್ಳಿಯೇ ಹತ್ತಿರ.

ಶ್ರಾವಣಕ್ಕೆ ಮುಂಚೆ ಕೊಳ್ಳಬೇಡಿ. ಭಜನೆ ಮಂಡಳಿಗಳೆಲ್ಲ ಆಗಲೇ ಹುಡುಕುತ್ತವೆ, ಗಣಪತಿ ಹಬ್ಬದವರೆಗೂ ಬೆಲೆ ಇಳಿಯುವುದಿಲ್ಲ. ದೀಪಾವಳಿ ಕಳೆದ ಮೇಲೆ ನೋಡಿ. ಮಳೆಯೂ ನಿಂತಿರುತ್ತದೆ, ಪೇಟಿಯ ನಿಜವಾದ ಸ್ಥಿತಿ ಗೊತ್ತಾಗುತ್ತದೆ. ಜುಲೈ ತಿಂಗಳಲ್ಲಿ ಧಾರವಾಡದಲ್ಲಿ ನೋಡಿದರೆ ಒಳ್ಳೆಯ ಪೇಟಿಯ ಪಟ್ಟಿಗಳೂ ತೇವಕ್ಕೆ ಉಬ್ಬಿ ಅಂಟಿಕೊಂಡಿರುತ್ತವೆ.

ಯಾರಿಗೆ ಯಾವುದು

ಮಗಳು ಜೂನಿಯರ್ ಪರೀಕ್ಷೆಗೆ ಕೂರುತ್ತಿದ್ದಾಳೆ ಅಂದರೆ ಭಜನೆ ಪೇಟಿ, ಅದು ಸರಿಯಾದದ್ದು ಸಿಗದಿದ್ದರೆ ಸ್ಕೇಲ್ ಚೇಂಜರ್ ಇಲ್ಲದ ಹೊಸದು. ಇದರಲ್ಲಿ ಎರಡನೇ ಯೋಚನೆ ಬೇಡ. ಪ್ಯಾರಿಸ್ ರೀಡು ಅವಳ ಕೈಗೆ ಕೊಟ್ಟರೆ ಅವಳಿಗೂ ಗೊತ್ತಾಗುವುದಿಲ್ಲ, ರೀಡಿಗೂ ಒಳ್ಳೆಯದಲ್ಲ.

ಗುಡಿಯ ಭಜನೆ ಮಂಡಳಿಗೆ ಹೊಸದೇ. ಹತ್ತು ಜನರ ಕೈ, ಧೂಳು, ಕುಂಕುಮ, ಎಣ್ಣೆ. ಅಲ್ಲಿ ಬೇಕಾದ್ದು ಗಟ್ಟಿಯಾದ ಪೆಟ್ಟಿಗೆ, ದೊಡ್ಡ ದನಿ.

ಗಾಯಕರಿಗೆ ಸಾಥ್ ಕೊಡುವ ಮಟ್ಟಕ್ಕೆ ಬಂದವರಿಗೆ ಪ್ಯಾರಿಸ್ ರೀಡಿನ ಆಸೆ ತಪ್ಪಲ್ಲ. ದೊಡ್ಡವರ ಜೊತೆ ಕೂತು ಎಡಗೈ ಹದವಾದ ಮೇಲೆ ಅದರ ಬೆಲೆ ಗೊತ್ತಾಗುತ್ತದೆ. ಆದರೆ ದಿನಾ ಬಸ್ಸಿನಲ್ಲಿ ಓಡಾಡುವವರಾದರೆ ಇನ್ನೊಂದು ಸಾಮಾನ್ಯ ಪೇಟಿಯೂ ಇರಲಿ. ಅದಕ್ಕೂ ಸೇರಿಸಿ ಬಜೆಟ್ ಹಾಕಿ.

ನಿವೃತ್ತರಾದ ಮೇಲೆ ಹಳೆಯ ಆಸೆ ತೀರಿಸಿಕೊಳ್ಳುವವರು ಬಹಳ ಜನ ಕೇಳುತ್ತಾರೆ. ನಿಮಗೆ ನಾನು ಹೇಳುವುದು: ದುಡ್ಡಿದ್ದರೆ ಪ್ಯಾರಿಸ್ ರೀಡಿಗೆ ಕಾಯಿರಿ. ಅವಸರ ಇಲ್ಲವಲ್ಲ. ಜಾಹೀರಾತಿನಲ್ಲಿ ಬರುವುದಕ್ಕಿಂತ ಸಂಗೀತ ಮೇಷ್ಟ್ರುಗಳ ಬಾಯಿಂದ ಬರುವ ಸುದ್ದಿ ಒಳ್ಳೆಯದು. ಯಾವ ಮನೆಯಲ್ಲಿ ನುಡಿಸುವವರಿಲ್ಲದೆ ಪೇಟಿ ಇದೆ ಅಂತ ಅವರಿಗೆ ಗೊತ್ತಿರುತ್ತದೆ. ಅಂಥ ಮನೆಗೆ ಹೋದರೆ ಚೌಕಾಸಿಯಲ್ಲಿ ಸ್ವಲ್ಪ ಮೆತ್ತಗಿರಿ. ತೀರಿಹೋದವರ ವಾದ್ಯ ಅದು. ನಿಮಗೆ ಕೊಡಲು ಅವರ ಮನಸ್ಸು ಒಪ್ಪಿದರೆ ಬೆಲೆಯೂ ತಾನಾಗಿಯೇ ಇಳಿಯುತ್ತದೆ.

ತರುವಾಗ ಎಲ್ಲ ಸ್ಟಾಪರ್ ಒಳಗೆ ತಳ್ಳಿ, ತಿದಿಯ ಕೊಕ್ಕೆ ಹಾಕಿ, ಹಳೆಯ ಕೌದಿಯಲ್ಲಿ ಸುತ್ತಿ. ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಸೀಟಿನ ಪಕ್ಕ ಇಟ್ಟುಕೊಳ್ಳಿ, ಬೇಕಾದರೆ ಇನ್ನೊಂದು ಟಿಕೆಟ್ ತೆಗೆಯಿರಿ. ಮನೆಗೆ ಬಂದ ಮೇಲೆ ಗೋಡೆಗೆ ತಾಗಿಸಿ ಇಡಬೇಡಿ, ಮಳೆಗಾಲದಲ್ಲಿ ಗೋಡೆ ತೇವ ಬಿಡುತ್ತದೆ. ಒಳಗೆ ಒಂದೆರಡು ಕರ್ಪೂರದ ತುಂಡನ್ನು ಬಟ್ಟೆಯಲ್ಲಿ ಕಟ್ಟಿಡಿ, ರೀಡಿಗೆ ತಾಗದ ಹಾಗೆ. ದಿನಕ್ಕೆ ಹತ್ತು ನಿಮಿಷವಾದರೂ ಎಲ್ಲ ಪಟ್ಟಿ ನುಡಿಸಿ, ತೀರಾ ಕೆಳಗಿನ ಖರ್ಜ, ತೀರಾ ಮೇಲಿನ ತಾರ ಸ್ವರಗಳನ್ನೂ ಸೇರಿಸಿ. ಪೂರ್ತಿ ಶ್ರುತಿ ಮಾಡಿಸುವುದನ್ನು ಒಂದು ವರ್ಷ ಮುಂದೂಡಿ. ಹೊಸ ಮನೆಯ ಹವೆಗೆ ಪೇಟಿ ಒಗ್ಗಿ, ಒಂದು ಬೇಸಿಗೆ, ಒಂದು ಮಳೆಗಾಲ ದಾಟಿದ ಮೇಲೆ ಯಾವ ರೀಡು ನಿಜಕ್ಕೂ ಜಾರಿದೆ ಅಂತ ಗೊತ್ತಾಗುತ್ತದೆ. ಆಗ ಅಷ್ಟನ್ನೇ ಮಾಡಿಸಿ.